ತುಂಬಿದ ಗಾಜು, ಖಾಲಿ ಗಾಜು

ಮೇ ತಿಂಗಳಲ್ಲಿ ಈ ಪರದೇಶದಲ್ಲಿ ರಾಣಿಯೊಬ್ಬಳ ಹೆಸರಿನ ರಜೆ ಬರುತ್ತದೆ. ಆ ಸಂಜೆ ನಮ್ಮ ಪಿಕರಿಂಗಿನ ಬೀದಿಯಲ್ಲಿ ಎಲ್ಲರೂ ಪಟಾಕಿ ಹಚ್ಚುತ್ತಾರೆ. ದೀಪಾವಳಿಗೆ ನಾವು ಹಚ್ಚಿದರೆ ಕಿಟಕಿಯ ಪರದೆ ಸರಿಸಿ ನೋಡುವವರೂ ಹಚ್ಚುತ್ತಾರೆ. ಮರುದಿನ ಬೆಳಿಗ್ಗೆ ನಾನು ವಾಕಿಂಗಿಗೆ ಹೊರಟಾಗ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಗಂಧಕದ ವಾಸನೆ ಇನ್ನೂ ಕೂತಿರುತ್ತದೆ. ನನ್ನ ಮೂಗಿಗೆ ಅದು ಪಟಾಕಿಯದಲ್ಲ, ಉರಿಯುವ ಕಲ್ಲಿದ್ದಲಿಗೆ ನೀರು ಸುರಿದಾಗ ಏಳುವ ವಾಸನೆ. ಮೂರು ವರ್ಷದ ಹಿಂದೆ ಒಂದು ಬೇಸಿಗೆಯಿಡೀ ನನ್ನ ಅಂಗಿಗಳೆಲ್ಲ ಹಾಗೆ ನಾರುತ್ತಿದ್ದವು, ನನ್ನ ಹೆಂಡತಿ ಅವನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಈ ವರ್ಷ ಅದು ಮೂಗಿಗೆ ಬಡಿದಾಗ ವಾಕಿಂಗನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

ನಾನು ಮೈಸೂರಿನವನು. ಇಲ್ಲಿನ ಅಣುವಿದ್ಯುತ್ ಸ್ಥಾವರದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮೆಕ್ಯಾನಿಕಲ್ ಎಂಜಿನಿಯರು. ಅಣು ಎಂದೊಡನೆ ಜನ ಕಣ್ಣರಳಿಸುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿಯೂ ಕೊನೆಗೆ ನಡೆಯುವುದು ನೀರು ಕಾಯಿಸುವ ಕೆಲಸವೇ, ಹಂಡೆ ದೊಡ್ಡದು ಅಷ್ಟೆ. ಹಬೆ, ಒತ್ತಡ, ನೀರಿನ ಮಟ್ಟ, ಇವೆಲ್ಲ ನನಗೆ ಅಂಗೈ ನೆಲ್ಲಿಕಾಯಿ ಎಂದು ನಂಬಿಕೊಂಡಿದ್ದೆ.

ಇಲ್ಲಿಂದ ಒಂದು ಗಂಟೆ ದೂರದ ಜಾರ್ಜ್‌ಟೌನಿನಲ್ಲಿ ಶೈಲಜಾ ಇದ್ದಾಳೆ. ಹುಬ್ಬಳ್ಳಿಯವಳು, ಫಾರ್ಮಸಿಸ್ಟು. ಕನ್ನಡದವರು ತಲಾ ಒಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕೊಂದರಲ್ಲಿ ಪರಿಚಯವಾಗಿ, ನನ್ನ ಹೆಂಡತಿಯ ಬಿಸಿಬೇಳೆಬಾತು ತಿಂದ ದಿನದಿಂದ ನನ್ನನ್ನು ಅಣ್ಣ ಎನ್ನತೊಡಗಿದಳು. ಆ ವರ್ಷ ಜೂನ್ ಮೊದಲ ವಾರ ಫೋನ್ ಮಾಡಿದಳು. ಅವಳ ತಂದೆ ಬಸವಂತಪ್ಪ ಆರು ತಿಂಗಳಿಗೆಂದು ಬಂದಿದ್ದರು, ಎಂಬತ್ತೆರಡು ವಯಸ್ಸು, ರೈಲ್ವೆಯಲ್ಲಿ ಎಂಜಿನ್ನಿನ ಬೆಂಕಿಗೆ ಇದ್ದಲು ಹಾಕುವ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆಗಿ ನಿವೃತ್ತರಾದವರು. "ಅಣ್ಣಾ, ನಮ್ಮ ಅಪ್ಪಾಗ ಇಲ್ಲೆ ಮಾತಾಡಾಕ ಯಾರೂ ಇಲ್ಲ. ದಿನಾ ಸ್ಟೇಷನ್ನಿನ ಬೆಂಚ್ ಮ್ಯಾಲ ಕೂತು ಗೂಡ್ಸ್ ವ್ಯಾಗನ್ ಎಣಸ್ತಾರ. ನೀವೂ ರಿಟೈರ್ಡ್, ಅವರೂ ರಿಟೈರ್ಡ್. ಒಂದೆರಡು ಸಲ ಬಂದು ಹೋಗ್ರಿ, ಪ್ಲೀಸ್," ಎಂದಳು.

ಹೋದೆ. ತೆಳ್ಳಗಿನ ಆಳು, ಕೊರಳಿಗೆ ಹತ್ತಿಯ ಕರವಸ್ತ್ರ ಸುತ್ತಿಕೊಂಡಿದ್ದರು, ಎಡ ಮುಂಗೈ ಮೇಲೆ ಮೊಣಕೈವರೆಗೂ ನಯವಾದ ಸುಟ್ಟ ಗಾಯದ ಕಲೆ. ನನ್ನನ್ನು ಮೊದಲ ದಿನದಿಂದಲೇ ಸಾಹೇಬ್ರ ಎಂದರು. ನಾನು ಸ್ಥಾವರದ ಕಥೆ ಹೇಳಿದೆ. ಅಲ್ಲಿ ನೀರು ಎಷ್ಟಿದೆ ಎಂದು ಹೇಗೆ ನೋಡುತ್ತೀರಿ ಎಂದು ಕೇಳಿದರು. ಉಪಕರಣಗಳಿವೆ, ಪರದೆಯ ಮೇಲೆ ಅಂಕಿ ಬರುತ್ತದೆ ಎಂದೆ. ಕಣ್ಣಿನಿಂದ ನೋಡುವುದಿಲ್ಲವೇ ಎಂದರು. ಇಲ್ಲ ಎಂದಾಗ ನನ್ನ ನೌಕರಿಯ ಬಗ್ಗೆ ಅವರಿಗಿದ್ದ ಆಸಕ್ತಿ ಅಲ್ಲಿಗೆ ಮುಗಿಯಿತು, ಮುಂದೆಂದೂ ಕೇಳಲಿಲ್ಲ.

ಅವರು ಹೇಳುತ್ತಿದ್ದುದೆಲ್ಲ ಕಲ್ಲಿದ್ದಲ ಲೈನಿನ ಮಾತು. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಹುಬ್ಬಳ್ಳಿಯಿಂದ ಅವರನ್ನು ಗೋದಾವರಿ ಸೀಮೆಯ ಗಣಿಗಳ ಕಡೆಗೆ ವರ್ಗ ಮಾಡಿದ್ದರು. ಗಣಿಯ ಬಾಯಿಂದ ತುಂಬಿದ ವ್ಯಾಗನ್ನುಗಳನ್ನು ದೊಡ್ಡ ಲೈನಿಗೆ ತಂದು ಬಿಡುವುದು, ಖಾಲಿಯವನ್ನು ಹಿಂದಕ್ಕೆ ಒಯ್ಯುವುದು, ಇಷ್ಟೇ ಕೆಲಸ. ಹಿಂದೆ ನಲವತ್ತು ವ್ಯಾಗನ್ ಹೊಳೆಯುವ ಇದ್ದಲು ಕೂತಿರುತ್ತಿತ್ತು, ಎಂಜಿನ್ನಿಗೆ ಮಾತ್ರ ಅರ್ಧ ಕಲ್ಲು ಅರ್ಧ ಪುಡಿ ಇರುವ ಕಳಪೆ ಮಾಲು ಕೊಡುತ್ತಿದ್ದರು. ಸಮುದ್ರದ ನೆಂಟತನ, ಉಪ್ಪಿಗೆ ಬಡತನ. ಪ್ರತಿ ಸುತ್ತಿನ ಕೊನೆಗೂ ಬೆಂಕಿಯನ್ನು ಕೆದಕಿ, ಕರಗಿ ಗಟ್ಟಿಯಾದ ಕಿಟ್ಟವನ್ನು ಎಳೆದು ಹಾಕಬೇಕಿತ್ತು. ಅದು ಬೀಳುವ ಜಾಗದಲ್ಲಿ ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರಂತೆ, ಅರೆಬೆಂದ ಇದ್ದಲನ್ನು ಆರಿಸಿಕೊಂಡು ಹೋಗಿ ಒಲೆ ಹಚ್ಚಲು. ಫೈರ್‌ಮನ್ ಒಳ್ಳೆಯವನಾದರೆ ಅವರಿಗೆ ಸಿಗುವುದು ಕಡಿಮೆ, ಏಕೆಂದರೆ ಎಲ್ಲವೂ ಒಳಗೇ ಉರಿದುಹೋಗುತ್ತದೆ. ಹಾಗಾಗಿ ಆ ಹೆಂಗಸರು ತನ್ನನ್ನು ಕಂಡರೆ ಬೈಯುತ್ತಿದ್ದರು ಎಂದು ಅವರು ಹೆಮ್ಮೆಯಿಂದ ಹೇಳಿಕೊಂಡರು.

ಇನ್ನೊಂದು ರೂಢಿಯನ್ನೂ ಪದೇ ಪದೇ ಹೇಳುತ್ತಿದ್ದರು. ಎಂಜಿನ್ನಿನ ಮೇಲೆ ನಿಂತ ಇಬ್ಬರಲ್ಲಿ ಒಬ್ಬ ಕಂಡದ್ದನ್ನು ಕೂಗಿ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಕೂಗಬೇಕು. ಸಿಗ್ನಲ್ ಆಗಲಿ, ನೀರಾಗಲಿ, ಬೆಂಕಿಯಾಗಲಿ. ಡ್ರೈವರಿಗೆ ಹೇಳದೆ ಬೆಂಕಿ ಮುಟ್ಟುವ ಫೈರ್‌ಮನ್ ಫೈರ್‌ಮನ್ನೇ ಅಲ್ಲ, ಅವನು ಕೂಲಿ.

ಅವರನ್ನು ಬೆಂಚಿನಿಂದ ಎಬ್ಬಿಸಿದ್ದು ನಾನೇ. ಜಾರ್ಜ್‌ಟೌನಿನ ಹೊರಗೆ, ಜೋಳದ ಹೊಲಗಳ ನಡುವೆ, ಡಗ್ ಎಂಬ ನಿವೃತ್ತ ಮೇಷ್ಟರೊಬ್ಬರು ನಾಲ್ಕೈದು ಗೆಳೆಯರೊಂದಿಗೆ ಹಳೆಯ ಹಬೆ ಎಂಜಿನ್ನೊಂದನ್ನು ರಿಪೇರಿ ಮಾಡುತ್ತಿದ್ದಾರೆಂದು ಎಲ್ಲೋ ಓದಿದ್ದೆ. ಈ ದೇಶದ ಪೂರ್ವ ಕರಾವಳಿಯ ಗಣಿಯೊಂದರಲ್ಲಿ ಕಲ್ಲಿದ್ದಲು ಎಳೆಯುತ್ತಿದ್ದ ಪುಟ್ಟ ಎಂಜಿನ್ನು. ಒಂಬತ್ತು ವರ್ಷದಿಂದ ಬಿಚ್ಚಿ ಜೋಡಿಸಿ, ಅರ್ಧ ಕಿಲೋಮೀಟರಿನಷ್ಟು ಹಳಿ ಹಾಸಿ, ಆ ಸೆಪ್ಟೆಂಬರಿನಲ್ಲಿ ಜನರನ್ನು ಕೂರಿಸಿ ಓಡಿಸಬೇಕೆಂದಿದ್ದರು. ನಾವು ಹೋದ ದಿನ ಪರೀಕ್ಷೆಗೆಂದು ಬೆಂಕಿ ಹಾಕಿದ್ದರು, ಒತ್ತಡ ಏರುತ್ತಿರಲಿಲ್ಲ. ಬಸವಂತಪ್ಪನವರು ಎತ್ತಿನ ಮೈ ಸವರುವ ಹಾಗೆ ಬಾಯ್ಲರಿನ ಮೇಲೆ ಅಂಗೈ ಇಟ್ಟರು, ಹೊಗೆಯ ಬಣ್ಣ ನೋಡಿದರು, ಯಾರನ್ನೂ ಕೇಳದೆ ಸಲಿಕೆಗೆ ಕೈ ಚಾಚಿದರು. ಡಗ್ ನನ್ನ ಮುಖ ನೋಡಿದ. ಇವರು ರೈಲ್ವೆಯ ಫೈರ್‌ಮನ್ ಆಗಿದ್ದವರು ಎಂದೆ. ಸಲಿಕೆ ಕೈ ಬದಲಾಯಿತು. ಮುಕ್ಕಾಲು ಗಂಟೆಯಲ್ಲಿ ಒತ್ತಡದ ಮುಳ್ಳು ಕೆಂಪು ಗೀಟು ಮುಟ್ಟಿ, ಮೇಲಿನ ಕವಾಟ ತೆರೆದು ಹಬೆ ಚಿಮ್ಮಿತು. ಡಗ್ ಟೋಪಿ ತೆಗೆದ.

ಅಲ್ಲಿಂದ ಪ್ರತಿ ಗುರುವಾರ ನಾನು ಪಿಕರಿಂಗಿನಿಂದ ಒಂದು ಗಂಟೆ ಕಾರೋಡಿಸಿ, ಅವರನ್ನು ಹತ್ತಿಸಿಕೊಂಡು ಆ ಹೊಲಕ್ಕೆ ಹೋಗುವುದಾಯಿತು. ಉತ್ತರದ ಕಾಡುಗಳಿಗೆ ಬೆಂಕಿ ಬಿದ್ದ ವರ್ಷ ಅದು. ಜುಲೈಯಲ್ಲಿ ವಾರಗಟ್ಟಲೆ ಸೂರ್ಯ ತಾಮ್ರದ ಬಿಲ್ಲೆಯಾಗಿದ್ದ, ಹೊರಗೆ ಓಡಾಡಬೇಡಿ ಎಂದು ರೇಡಿಯೋ ಹೇಳುತ್ತಿತ್ತು. ಅಂಥ ಹೊಗೆಯಲ್ಲಿ ನಾವು ನಮ್ಮ ಹೊಗೆಯನ್ನೂ ಸೇರಿಸುತ್ತಿದ್ದೆವು. ಮಧ್ಯಾಹ್ನ ಡಗ್ ಸಲಿಕೆಯನ್ನು ತೊಳೆದು ಬೆಂಕಿಗೆ ಹಿಡಿದು ಮೊಟ್ಟೆ, ಮಾಂಸ ಹುರಿದುಕೊಳ್ಳುತ್ತಿದ್ದ. ಅದನ್ನು ಕಂಡು ಬಸವಂತಪ್ಪ ಖುಷಿಯಾಗಿ ನಕ್ಕರು, ತಾವೂ ಹಾಗೆಯೇ ಜೋಳದ ರೊಟ್ಟಿ ಬಿಸಿ ಮಾಡಿಕೊಳ್ಳುತ್ತಿದ್ದವರು. ಆದರೆ ಮಾಂಸ ತಾಗಿದ ಸಲಿಕೆ ಮುಟ್ಟಲಿಲ್ಲ. ಮುಂದಿನ ಗುರುವಾರ ಡಗ್ ಹೊಸ ಸಲಿಕೆಯೊಂದನ್ನು ತಂದು, ಹಿಡಿಗೆ ಹಸಿರು ಬಣ್ಣ ಬಳಿದು, ಇದು ಅವರ ರೊಟ್ಟಿಗೆ ಮಾತ್ರ ಎಂದು ಗೂಟಕ್ಕೆ ತೂಗುಹಾಕಿದ.

ಅವರಿಬ್ಬರ ನಡುವೆ ದುಭಾಷಿ ನಾನು. ಈ ಕೆಲಸ ಹೇಗೆ ಮಾಡಿದೆ ಎಂಬುದನ್ನು ಹೇಳಿಬಿಡಬೇಕು. ಡಗ್ ಬೆಂಕಿಗೆ ಇದ್ದಲು ಹಾಕುವುದನ್ನು ನೋಡಿ ಬಸವಂತಪ್ಪ, ಈತ ಬೆಂಕಿ ಉರಿಸುವುದಲ್ಲ ಹೆಣ ಹೂಳುವುದು ಎಂದರು. ನಾನು ಇಂಗ್ಲಿಷಿನಲ್ಲಿ, ಸ್ವಲ್ಪ ಸ್ವಲ್ಪವೇ ಹಾಕಿದರೆ ಒಳ್ಳೆಯದೇನೋ ಅನ್ನುತ್ತಾರೆ ಎಂದೆ. ಮುದುಕ ತುಂಬ ಹಟದವನು ಎಂದು ಡಗ್ ಗೊಣಗಿದರೆ, ನಿಮ್ಮ ಅನುಭವ ದೊಡ್ಡದು ಅಂತಾನೆ ಎಂದು ಕನ್ನಡಕ್ಕೆ ತಂದೆ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಸಭ್ಯರೆಂದು ತಿಳಿದಿದ್ದರು. ಮಾತಿನ ಮೂಲೆಗಳನ್ನು ಉಜ್ಜಿ ನಯ ಮಾಡುವುದೇ ಜಾಣತನ ಎಂದು ನನಗೆ ಅನ್ನಿಸತೊಡಗಿತ್ತು.

ಆಗಸ್ಟಿನ ಒಂದು ಗುರುವಾರ ಮಳೆ ಹಿಡಿಯಿತು. ಡಗ್ ಬಂದಿರಲಿಲ್ಲ. ಶೆಡ್ಡಿನಲ್ಲಿ ತಣ್ಣಗೆ ನಿಂತ ಎಂಜಿನ್ನಿನ ಮೇಲೆ ನಾವಿಬ್ಬರೇ ಕೂತಿದ್ದೆವು. ಬಸವಂತಪ್ಪ ಬಾಯ್ಲರಿನ ಮುಂದಿದ್ದ ಗಾಜಿನ ಕೊಳವೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸುವುದು ಆ ಗೇಣುದ್ದದ ಗಾಜು. ನೀರು ನಡುವೆ ಇದ್ದರೆ ಅದರ ಗೆರೆ ಕಾಣುತ್ತದೆ. ಗಾಜು ಪೂರ್ತಿ ತುಂಬಿದ್ದರೆ ಗೆರೆ ಇರುವುದಿಲ್ಲ. ಪೂರ್ತಿ ಖಾಲಿಯಿದ್ದರೂ ಗೆರೆ ಇರುವುದಿಲ್ಲ. ಎರಡೂ ಒಂದೇ ರೀತಿ ತಿಳಿಯಾಗಿ ಕಾಣುತ್ತವೆ. ತುಂಬಿದ್ದರೆ ಚಿಂತೆಯಿಲ್ಲ. ಖಾಲಿಯಾಗಿದ್ದರೆ ಬೆಂಕಿಯ ಮೇಲಿನ ತಗಡು ನೀರಿಲ್ಲದೆ ಕಾಯುತ್ತಿದೆ ಎಂದರ್ಥ, ಇನ್ನು ಸ್ವಲ್ಪ ಹೊತ್ತಿಗೆ ಅನಾಹುತ. ಯಾವುದೆಂದು ತಿಳಿಯಲು ಗಾಜಿನ ಕೆಳಗಿನ ಕಾಕನ್ನು, ಅಂದರೆ ಪುಟ್ಟ ನಲ್ಲಿಯನ್ನು, ತಿರುಗಿಸಿ ನೋಡಬೇಕು, ನೀರು ಬರುತ್ತದೋ ಬರೀ ಹಬೆ ಬರುತ್ತದೋ ಎಂದು.

ಫೈರ್‌ಮನ್ ಆಗಿದ್ದಾಗ, ಗಣಿಯಿಂದ ಏರು ಹತ್ತುತ್ತಿದ್ದ ಒಂದು ಮಧ್ಯಾಹ್ನ ಬಸವಂತಪ್ಪ ಕಾಕ್ ತಿರುಗಿಸಿರಲಿಲ್ಲ. ಸುಡುವ ಹಿಡಿಗೆ ಬಟ್ಟೆ ಬೇಕು, ಬಟ್ಟೆ ಕೆಳಗೆ ಬಿದ್ದಿತ್ತು, ಬಗ್ಗಲು ಬೇಸರ. ತಿಳಿ ಗಾಜು ನೋಡಿ ಫುಲ್ ಎಂದು ಕೂಗಿದರು. ಡ್ರೈವರ್ ಮೌಲಾ ಸಾಬ್ ಅದನ್ನೇ ತಿರುಗಿ ಕೂಗಿದ. ಏರು ಮುಗಿಯುವ ಮೊದಲೇ ನೀರು ತಗ್ಗಿದರೆ ಕರಗಲೆಂದೇ ತಗಡಿನಲ್ಲಿಟ್ಟ ಸೀಸದ ಬಿರಡೆ ಕರಗಿ, ಬಾಯ್ಲರಿನ ಹಬೆಯೆಲ್ಲ ಬೆಂಕಿಗೆ ನುಗ್ಗಿ, ಬೆಂಕಿ ಬಾಗಿಲಿನಿಂದ ಹೊರಗೆ ಬಂತು. ಜೀವ ಹೋಗಲಿಲ್ಲ, ಎಡಗೈ ಸುಟ್ಟಿತು. ವಿಚಾರಣೆಯಲ್ಲಿ ಮೌಲಾ ಸಾಬ್ ಫೈರ್‌ಮನ್ನಿನ ಹೆಸರೆತ್ತಲಿಲ್ಲ, ಗಾಜು ನೋಡಿದ್ದು ನಾನೇ ಎಂದುಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆತನನ್ನು ಲೈನಿನಿಂದ ತೆಗೆದು ಶೆಡ್ಡಿನೊಳಗೆ ಎಂಜಿನ್ ಸರಿಸುವ ಕೆಲಸಕ್ಕೆ ಹಾಕಿದರು, ನಿವೃತ್ತಿಯವರೆಗೂ ಅಲ್ಲಿಯೇ ಇದ್ದ.

"ನಾ ಅಲ್ಲೇ ನಿಂತಿದ್ದೆ ಸಾಹೇಬ್ರ. ಬಾಯಿ ತೆಗೀಲಿಲ್ಲ," ಎಂದರು ಬಸವಂತಪ್ಪ. "ಶೈಲಾಗೂ ಹೇಳಿಲ್ಲ. ಅವತ್ತಿಂದ ತಿಳಿ ಗಾಜು ಕಂಡ್ರ ನಾ ನಂಬೂದಿಲ್ಲ."

ನಾನು ಸಮಾಧಾನದ ಮಾತು ಏನೋ ಹೇಳಿದೆ. ಮನಸ್ಸಿನಲ್ಲಿ ಮಾತ್ರ, ಪಾಪ, ಮುದುಕರಿಗೆ ಇದೊಂದು ಗೀಳಾಗಿ ಉಳಿದಿದೆ ಎಂದು ಒಂದು ಚೀಟಿ ಅಂಟಿಸಿಕೊಂಡೆ.

ಸೆಪ್ಟೆಂಬರಿನ ಎರಡನೆಯ ಭಾನುವಾರ ಜನರಿಗೆಂದು ಎಂಜಿನ್ ಓಡಿಸುವ ದಿನ. ಹೊಗೆ ತೆರವಾಗಿ ಆಕಾಶ ತೊಳೆದಿಟ್ಟಂತಿತ್ತು. ಸುತ್ತಲಿನ ಹೊಲದವರು, ಊರವರು, ಮಕ್ಕಳು, ಐವತ್ತು ಅರವತ್ತು ಜನ ಸೇರಿದ್ದರು. ಶೈಲಜಾ ಬೆಳಗಿನ ಶಿಫ್ಟು ಮುಗಿಸಿ ಬರುವವಳಿದ್ದಳು. ಮೂರು ಪುಟ್ಟ ಗಾಡಿಗಳಲ್ಲಿ ಜನರನ್ನು ಕೂರಿಸಿ ಬೆಳಿಗ್ಗೆ ಆರೇಳು ಸುತ್ತು ಓಡಿಸಿದರು. ಬಸವಂತಪ್ಪನವರದು ಬೆಂಕಿ, ಡಗ್‌ನದು ಉಳಿದದ್ದೆಲ್ಲ. ಊಟದ ವೇಳೆಗೆ ಬಸವಂತಪ್ಪ ಕೆಳಗಿಳಿದು ನೆರಳಿನಲ್ಲಿ ಕೂತರು. ಡಗ್ ಬಾಯ್ಲರಿಗೆ ನೀರು ತುಂಬಿಸುವ ಯಂತ್ರವನ್ನು ಹತ್ತು ನಿಮಿಷ ಓಡಿಸಿದ. ಅದು ಒಳಗೆ ನೀರು ಕಳಿಸುತ್ತಿದೆಯೋ ನೆಲಕ್ಕೆ ಚೆಲ್ಲುತ್ತಿದೆಯೋ ಎಂಬುದು ಶಬ್ದದಲ್ಲೇ ತಿಳಿಯುತ್ತದಂತೆ. ನನಗೆ ತಿಳಿಯಲಿಲ್ಲ.

ಊಟವಾಗಿ ಮತ್ತೆ ಹತ್ತಿದೆವು. ಗಾಡಿಗಳಲ್ಲಿ ಆಗಲೇ ಮಕ್ಕಳು ತುಂಬಿದ್ದರು. ಮೇಲಿನ ಕವಾಟ ತೆರೆದು ಹಬೆ ಕಿವುಡಾಗುವಂತೆ ಭೋರ್ಗರೆಯುತ್ತಿತ್ತು. ಡಗ್ ಗಾಜು ನೋಡಿ, ತುಂಬಿದೆ, ಹೊರಡೋಣ ಎಂದ. ನಾನೂ ನೋಡಿದೆ. ತಿಳಿಯಾಗಿತ್ತು.

ಬಸವಂತಪ್ಪ ನನ್ನ ಕಿವಿಯ ಹತ್ತಿರ ಬಂದರು. "ಗಾಜು ತುಂಬಿಲ್ಲ, ಖಾಲಿ ಐತಿ. ಆತ ಹಾಕಿದ ನೀರು ಒಳಗ ಹೋಗಿಲ್ಲ. ಕಾಕ್ ತಿರುವಿ ನೋಡಂತ ಹೇಳ್ರಿ. ನೀರು ಬರಲಿಲ್ಲಂದ್ರ ಬೆಂಕಿ ಇಳಸಬೇಕು."

ಏನಂತಾರೆ ಎಂದು ಡಗ್ ಹುಬ್ಬೇರಿಸಿದ.

ನಾನು ಯೋಚಿಸಿದ್ದು ಒಂದೆರಡು ಸೆಕೆಂಡು. ಆಗಸ್ಟಿನ ಮಳೆಯ ದಿನ ನೆನಪಾಯಿತು. ಮುದುಕರ ಹಳೆಯ ಹೆದರಿಕೆ ಎಂದುಕೊಂಡೆ. ಒಂಬತ್ತು ವರ್ಷದ ಶ್ರಮದ ದಿನ ಇಷ್ಟು ಜನರೆದುರು ಡಗ್‌ಗೆ ನಿನ್ನ ಗಾಜು ಸುಳ್ಳು ಹೇಳುತ್ತಿದೆ ಎನ್ನುವುದು ಹೇಗೆ ಎಂದುಕೊಂಡೆ. ಮೂವತ್ತೊಂದು ವರ್ಷ ಹಬೆಯಲ್ಲಿ ಕಳೆದ ನನಗೂ ತುಂಬಿದ ಹಾಗೆಯೇ ಕಾಣುತ್ತಿದೆಯಲ್ಲ ಎಂದೂ. ಎಂಜಿನ್ನನ್ನು ಬಹಳ ಚೆನ್ನಾಗಿ ಇಟ್ಟಿದ್ದೀರಿ ಅಂತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಡಗ್‌ನ ಕಿವಿಗೆ ಕೂಗಿದೆ. ಡಗ್ ಹೆಬ್ಬೆರಳು ಎತ್ತಿದ.

ಬಸವಂತಪ್ಪ ನನ್ನನ್ನು ನೋಡಿದರು. ಆಮೇಲೆ ಡಗ್ ಕಡೆ ವಾಲಿ ಏನೋ ಅಂದರು, ಭೋರ್ಗರೆತದಲ್ಲಿ ನನಗೆ ಕೇಳಿಸಲಿಲ್ಲ. ಡಗ್ ನನ್ನತ್ತ ತಿರುಗಿದ. ನಾನು ನಕ್ಕೆ. ಅವನೂ ನಕ್ಕು ಎಂಜಿನ್ನಿನ ಸಿಳ್ಳೆ ಹಾಕಲು ಕೈ ಎತ್ತಿದ. ಅಷ್ಟರಲ್ಲಿ ಬಸವಂತಪ್ಪ ಬಗ್ಗಿ, ಬೆಂಕಿ ನಿಂತಿದ್ದ ಕಬ್ಬಿಣದ ಜಾಲರಿಯ ಸನ್ನೆಕೋಲನ್ನು ಎರಡೂ ಕೈಯಿಂದ ಎಳೆದುಬಿಟ್ಟರು. ಅಷ್ಟೂ ಬೆಂಕಿ ಧಡಾರನೆ ಹಳಿಗಳ ನಡುವೆ ಬಿತ್ತು.

ಹಳಿಯ ಕೆಳಗಿನ ಮರದ ದಿಮ್ಮಿಗಳು ಹೊತ್ತಿಕೊಂಡವು, ಪಕ್ಕದ ಒಣಹುಲ್ಲಿಗೂ ತಗುಲಿತು. ಮಕ್ಕಳನ್ನು ಎತ್ತಿಕೊಂಡು ಜನ ದೂರ ಓಡಿದರು. ನೀರು ಸುರಿದಾಗ ಎದ್ದ ಆ ಗಂಧಕದ ಹೊಗೆ ಹೊಲದ ಮೇಲೆಲ್ಲ ಕವಿಯಿತು. ಡಗ್ ಕೆಂಪಗಾಗಿ ಕೂಗಾಡಿದ. ನೀರಿದೆ, ನೋಡು ಎಂದು ತಾನೇ ಗಾಜಿನ ಕೆಳಗಿನ ಕಾಕ್ ತಿರುಗಿಸಿದ. ಒಂದು ಹನಿಯೂ ಬರಲಿಲ್ಲ, ಬರೀ ಹಬೆ ಸುಯ್ಯೆಂದಿತು. ಅವನು ಅದನ್ನು ಮುಚ್ಚಿ ತೆಗೆದು, ಮುಚ್ಚಿ ತೆಗೆದು ಮೂರು ಸಲ ನೋಡಿದ. ಆಮೇಲೆ ಕೂಗುವುದನ್ನು ನಿಲ್ಲಿಸಿದ.

ಜನರೆಲ್ಲ ಹೋದ ಮೇಲೆ ಡಗ್ ನನ್ನ ಬಳಿ ಬಂದ. ಕೆಟ್ಟವನಲ್ಲ ಅವನು. ನೀರಿನ ವಿಷಯದಲ್ಲಿ ಮುದುಕರದೇ ಸರಿ, ಮಕ್ಕಳಿದ್ದರು, ದೇವರು ದೊಡ್ಡವನು ಎಂದ. ಆದರೆ ಒಂದು ಮಾತೂ ಹೇಳದೆ ಬೆಂಕಿ ಬೀಳಿಸುವ ಮನುಷ್ಯನನ್ನು ಎಂಜಿನ್ನಿನ ಮೇಲೆ ಇಟ್ಟುಕೊಳ್ಳಲಾರೆ, ಮೊದಲು ಹೇಳಬೇಕಿತ್ತು, ಇದನ್ನು ಅವರಿಗೆ ತಿಳಿಸು ಎಂದ. ಆ ದಿನ ನಾನು ಪದಕ್ಕೆ ಪದ ಸರಿಯಾಗಿ ಅನುವಾದ ಮಾಡಿದ್ದು ಇದೊಂದನ್ನೇ. ಬಸವಂತಪ್ಪ ತಲೆಯಾಡಿಸಿದರು. ಫೈರ್‌ಮನ್ ಅಲ್ಲ, ಕೂಲಿ ಎಂದು ಅವರ ಭಾಷೆಯಲ್ಲೇ ಅವರಿಗೆ ಹೇಳಿದ ಹಾಗಾಯಿತು. ಹಸಿರು ಹಿಡಿಯ ಸಲಿಕೆಯನ್ನು ಒರೆಸಿ ಗೂಟಕ್ಕೆ ಸಿಕ್ಕಿಸಿ ಬಂದರು.

ಶೈಲಜಾ ಬಂದಾಗ ಹುಲ್ಲು ಕಪ್ಪಗಾಗಿತ್ತು, ಅವಳಿಗೆ ಅಳುವೇ ಬಂತು. "ಒಂದು ಮಾತು ಹೇಳಾಕ ಏನಾಗಿತ್ತಪ್ಪಾ ನಿನಗ? ಅಣ್ಣ ಬಾಜೂನ ಇದ್ದರಲ್ಲ. ಎಲ್ಲಾರ ಮುಂದ ನನಗ ಎಷ್ಟು ಎಂಬ್ಯಾರಸ್ ಆತು."

ಬಸವಂತಪ್ಪ ಕೈಗೆ ಮೆತ್ತಿದ ಮಸಿ ಒರೆಸಿಕೊಳ್ಳುತ್ತಿದ್ದರು. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

"ಹೇಳಬೇಕಾಗಿತ್ತು," ಎಂದರು. "ಹೇಳಲಿಲ್ಲ. ನಂದ ತಪ್ಪು."

ನಾನು ಬಾಯಿ ತೆಗೆಯಲಿಲ್ಲ. ಯಾಕೆಂದು ಆಮೇಲೆ ನನಗೆ ನಾನೇ ಬಹಳ ಕಾರಣಗಳನ್ನು ಕೊಟ್ಟುಕೊಂಡೆ. ಅವಳ ಮುಂದೆ ಅಣ್ಣನ ಪಟ್ಟ ಕಳೆದುಕೊಳ್ಳಲು ಇಷ್ಟವಿರಲಿಲ್ಲ ಎಂಬುದೊಂದೇ ನಿಜವಾದದ್ದು. ನಾಚಿಕೆಯಾಗುತ್ತದೆ, ಈಗಲೂ.

ಅಕ್ಟೋಬರಿನಲ್ಲಿ ಅವರು ವಿಮಾನ ಹತ್ತಿದರು. ಏರ್‌ಪೋರ್ಟಿಗೆ ನಾನೇ ಬಿಟ್ಟೆ, ದಾರಿಯುದ್ದಕ್ಕೂ ಅವರು ಎಲೆಗಳ ಬಣ್ಣದ ಮಾತಾಡಿದರು. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ಮೇಲೆ ಒಂದು ದಿನ ತಡೆಯಲಾರದೆ ಡಗ್‌ನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹಾಗಾದರೆ ಕ್ಷಮೆ ಕೇಳಬೇಕಾದವನು ನಾನು, ಅವರ ಫೋನ್ ನಂಬರ್ ಕೊಡು ಎಂದ ಅವನು. ಕಾಫಿ ಕೊಡುತ್ತೇನೆ ಎನ್ನಲಿಲ್ಲ. ಬಾಗಿಲವರೆಗೂ ಬರಲಿಲ್ಲ.

ಡಗ್ ಮಾಡುವ ಮೊದಲೇ ನಾನು ಹುಬ್ಬಳ್ಳಿಗೆ ಫೋನ್ ಮಾಡಿದೆ. ಅವತ್ತು ನಿಮ್ಮ ಮಾತನ್ನು ನಾನು ಡಗ್‌ಗೆ ಹೇಳಿರಲಿಲ್ಲ, ಬೇರೆ ಏನೋ ಹೇಳಿದ್ದೆ ಎಂದೆ.

"ಗೊತ್ತೈತ್ರಿ," ಎಂದರು. "ಮೂವತ್ತೆಂಟು ವರ್ಷ ಎಂಪ್ಟಿ ವ್ಯಾಗನ್ ಎಳದಾಂವ ನಾ. ಎಂಪ್ಟಿ ಅನ್ನೂದು ನನಗ ತಿಳೀತೈತಿ. ನಿಮ್ಮ ಬಾಯಾಗ ಆ ಮಾತು ಬರಲಿಲ್ಲ. ಆಮ್ಯಾಲ ನಾನಽ ಅಂದೆ, ಎಂಪ್ಟಿ ಅಂತ. ಗದ್ದಲದಾಗ ಆತಗ ಕೇಳಲಿಲ್ಲ. ನಿಮ್ಮ ಮಾರಿ ನೋಡಿದ. ನೀವು ನಗತಿದ್ರಿ."

ಶೈಲಜಾಗೆ ಇವತ್ತೇ ಎಲ್ಲ ತಿಳಿಸುತ್ತೇನೆ ಎಂದೆ. ಅದಕ್ಕೆ ಅವರು ಒಪ್ಪಲಿಲ್ಲ. ಪರದೇಶದಲ್ಲಿ ಅವಳಿಗೆ ಅಣ್ಣ ಅನ್ನಲು ಇರುವವನು ನೀವೊಬ್ಬರೇ, ಹೇಳುವುದಿಲ್ಲ ಅಂತ ಮಾತು ಕೊಡಿ ಎಂದರು. ಕೊಟ್ಟೆ. ಡಗ್‌ಗೂ ಹಾಗೆಯೇ ತಿಳಿಸಿದೆ. ಎರಡೂವರೆ ವರ್ಷ ಉಳಿಸಿಕೊಂಡೂ ಬಂದೆ.

ಕಳೆದ ವಾರ ಶೈಲಜಾ ಫೋನ್ ಮಾಡಿದ್ದಳು. ಜುಲೈಯಲ್ಲಿ ಅಪ್ಪ ಮತ್ತೆ ಬರುತ್ತಿದ್ದಾರಂತೆ. ಡಗ್‌ಗೂ ಅವರಿಗೂ ಈಗ ಅದು ಹೇಗೋ ದೋಸ್ತಿಯಾಗಿದೆ, ಎಂಜಿನ್ ನೋಡಲು ಕರೆಯುತ್ತಿದ್ದಾನೆ, ಆದರೆ ತನಗೆ ಧೈರ್ಯವಿಲ್ಲ ಎಂದಳು. "ಹೋದಸಲ ಹಂಗ ಯಾರಿಗೂ ಹೇಳದ ಏನರ ಮುಟ್ಟಿದ್ರ ಸ್ಟೇಷನ್ ಬೆಂಚ್ ಬಿಟ್ಟು ಎಲ್ಲೂ ಕಳಸೂದಿಲ್ಲಂತ ಹೇಳೀನಿ ಅಣ್ಣಾ. ಹೂಂ ಅಂದಾರ," ಎಂದು ನಕ್ಕಳು.

ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ಹೇಳಿಲ್ಲ. ಬರೆದಿದ್ದೇನೆ. ಶೈಲಜಾ ಕನ್ನಡ ಓದುತ್ತಾಳೆ.